ಮೂರ್ಛೆರೋಗದ ಬೆನ್ನು ಹತ್ತಿದ ವೈದ್ಯ: ಡಾ. ಕೆ. ಎಸ್. ಮಣಿ

ಮಧುಮೇಹವಿದೆಯೆಂದು ನೆರೆಹೊರೆಯವರಲ್ಲಿ ಹೇಳಿಕೊಳ್ಳುವವರುಂಟು. ರಕ್ತದೊತ್ತಡದ ಮಾತ್ರೆಯನ್ನು ಹತ್ತು ಜನರ ಎದುರಿನಲ್ಲಿ ನುಂಗುವವರೂ ಉಂಟು. ಆದರೆ ತಮ್ಮ ಮನೆಯ ಮಗುವಿಗೆ ಮೂರ್ಛೆರೋಗವಿದೆಯೆಂದು ಬಾಯಿಬಿಟ್ಟು ಹೇಳುವವರು ಇಂದಿಗೂ ವಿರಳ. ಮಗಳ ಮದುವೆಯ ಮಾತು ಬಂದಾಗ, ಮಗನ ನೌಕರಿಯ ಮಾತು ಬಂದಾಗ ಈ ವಿಷಯ ಮನೆಯ ಹೊಸಿಲನ್ನು ದಾಟುವುದೇ ಇಲ್ಲ. ಹೀಗೆ ಮುಚ್ಚಿಟ್ಟ ರೋಗ ಮುಚ್ಚಿಟ್ಟಲ್ಲಿಯೇ ಬೆಳೆಯುತ್ತದೆ. ಔಷಧಿಗೆ ಮಣಿಯಬಹುದಾಗಿದ್ದ ಕಾಯಿಲೆ, ಔಷಧಿಯನ್ನೇ ಕಾಣದೆ ಮನುಷ್ಯನ ಬಾಳನ್ನು ಹಾಳುಗೆಡಹುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ರೋಗವಿದೆ. ಅವರಲ್ಲಿ ಸುಮಾರು ನೂರಕ್ಕೆ 80 ಮಂದಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿಯೇ ಇದ್ದಾರೆ. ಸರಿಯಾದ ಚಿಕಿತ್ಸೆ ದೊರೆತರೆ ನೂರಕ್ಕೆ 70ರಷ್ಟು ಜನ ಸೆಳವುಗಳಿಲ್ಲದೆ ಬಾಳಬಲ್ಲರೆಂದೂ ಅದೇ ಸಂಸ್ಥೆ ಹೇಳುತ್ತದೆ. ಹಾಗಿದ್ದರೆ ಚಿಕಿತ್ಸೆಗೂ ರೋಗಿಗೂ ನಡುವೆ ಅಡ್ಡವಾಗಿರುವುದೇನು? ಈ ಪ್ರಶ್ನೆಗೆ ಕರ್ನಾಟಕದ ನೆಲದಲ್ಲಿಯೇ, ಮೊದಲು ಬಚ್ಚಲುಮನೆಯಲ್ಲಿ, ಅನಂತರ ಹಳ್ಳಿಯ ಮನೆಮನೆಯ ಬಾಗಿಲಿನಲ್ಲಿ ಉತ್ತರ ಹುಡುಕಿದ ವೈದ್ಯರು ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿಯವರು. ಕನ್ನಡ ನಾಡನ್ನು ಬಿಟ್ಟು ದೂರದ ಮಹಾನಗರಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಅವರ ಕಾರ್ಯದ ಪರಿಚಯ ಇರಲೇಬೇಕು. ಏಕೆಂದರೆ ಅವರು ಜಗತ್ತಿಗೆ ಸವಿಸ್ತಾರವಾಗಿ ತಿಳಿಸಿಕೊಟ್ಟ ರೋಗದ ಒಂದು ಬಗೆ, ಕನ್ನಡಿಗರ ಸ್ನಾನದ ಪದ್ಧತಿಯೊಂದಿಗೆ ಹೆಣೆದುಕೊಂಡಿದೆ.

ಪುರಾತನ ರೋಗ, ಪುರಾತನ ಭಯ

ಮೂರ್ಛೆರೋಗ ಮಾನವಕುಲದಷ್ಟೇ ಹಳೆಯದು. ಚರಕಸಂಹಿತೆಯಲ್ಲಿ ಇದಕ್ಕೆ ಅಪಸ್ಮಾರವೆಂದು ಹೆಸರು. ಸ್ಮೃತಿ ತಪ್ಪಿಹೋಗುವ ವ್ಯಾಧಿ ಎಂಬುದು ಅದರ ಅರ್ಥ. ವಾತ, ಪಿತ್ತ, ಕಫ ಮತ್ತು ಸನ್ನಿಪಾತವೆಂದು ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಚಿಕಿತ್ಸೆಯನ್ನೂ ಅಲ್ಲಿ ಹೇಳಿದೆ. ತಾಂಡವವಾಡುವ ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಬ್ಜನ ಹೆಸರೂ ಅಪಸ್ಮಾರನೇ. ಗ್ರೀಸ್ ದೇಶದಲ್ಲಿ ಇದನ್ನು ದೇವತೆಗಳ ಕೋಪದಿಂದ ಬರುವ ಪವಿತ್ರ ರೋಗವೆಂದು ಜನ ನಂಬಿದ್ದಾಗ, ಹಿಪೊಕ್ರೆಟಿಸನ ಪರಂಪರೆಯ ವೈದ್ಯರು ಅದನ್ನು ಅಲ್ಲಗಳೆದು, ರೋಗದ ಮೂಲ ಮಿದುಳಿನಲ್ಲಿದೆಯೆಂದು ಸಾರಿದ್ದರು.

ಶಾಸ್ತ್ರಕಾರರು ಹೀಗೆ ಹೇಳಿದರೂ ಜನಸಾಮಾನ್ಯರ ಭಯ ತೊಲಗಲಿಲ್ಲ. ಗಾಳಿ ಸೋಕಿತೆಂದು, ದೆವ್ವ ಮೆಟ್ಟಿತೆಂದು, ಪೂರ್ವಜನ್ಮದ ಕರ್ಮವೆಂದು ಹೇಳುವುದು ನಿಲ್ಲಲಿಲ್ಲ. ಬಿದ್ದವನ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿಯನ್ನೋ ಪಾದರಕ್ಷೆಯನ್ನೋ ಹಿಡಿಯುವುದು ಇವೆಲ್ಲ ಇಂದಿಗೂ ರೈಲ್ವೆ ನಿಲ್ದಾಣಗಳಲ್ಲಿ ಕಾಣಸಿಗುವ ದೃಶ್ಯಗಳೇ. ಸೆಳವು ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ, ಕೀಲಿಕೈಗೆ ಸುಮ್ಮನೆ ಕೀರ್ತಿ ಬಂದಿದೆ.

ಆಗುವುದಾದರೂ ಏನು? ಮಿದುಳಿನಲ್ಲಿ ಕೋಟ್ಯಂತರ ನರಕೋಶಗಳು ಅತಿ ಸೂಕ್ಷ್ಮವಾದ ವಿದ್ಯುತ್ ಸಂಕೇತಗಳ ಮೂಲಕ ಪರಸ್ಪರ ವ್ಯವಹರಿಸುತ್ತವೆ. ಯಾವುದೋ ಕಾರಣದಿಂದ ಒಂದು ಗುಂಪಿನ ಕೋಶಗಳು ಅಂಕೆ ತಪ್ಪಿ, ಒಮ್ಮೆಲೇ, ಅತಿಯಾಗಿ ಸ್ಫೋಟಿಸಿದರೆ ಸೆಳವು ಉಂಟಾಗುತ್ತದೆ. ಆ ಕೋಶಗಳು ಮಿದುಳಿನ ಯಾವ ಭಾಗಕ್ಕೆ ಸೇರಿದವೋ ಅದರಂತೆ ಲಕ್ಷಣಗಳೂ ಬೇರೆಯಾಗುತ್ತವೆ. ಇಡೀ ಮಿದುಳನ್ನು ವ್ಯಾಪಿಸಿದರೆ ವ್ಯಕ್ತಿ ನೆಲಕ್ಕುರುಳಿ, ಮೈ ಸೆಟೆದು, ಕೈಕಾಲು ಬಡಿದು, ಬಾಯಲ್ಲಿ ನೊರೆ ಬರುತ್ತದೆ. ಒಂದೇ ಭಾಗಕ್ಕೆ ಸೀಮಿತವಾದರೆ ಬೀಳದೆಯೇ ದಿಗ್ಭ್ರಮೆಯಿಂದ ನಿಂತುಬಿಡಬಹುದು, ಸಂಬಂಧವಿಲ್ಲದ ಮಾತು ಆಡಬಹುದು, ಇಲ್ಲದ ದೃಶ್ಯವನ್ನು ಕಾಣಬಹುದು. ತಲೆಗೆ ಬಿದ್ದ ಪೆಟ್ಟು, ಹೆರಿಗೆಯ ಕಾಲದಲ್ಲಿ ಮಗುವಿಗಾದ ತೊಂದರೆ, ಮಿದುಳಿನ ಜ್ವರ, ಗೆಡ್ಡೆ, ಲಾಡಿಹುಳುವಿನ ಮರಿಗಳು ಮಿದುಳನ್ನು ಸೇರುವುದು, ವಂಶವಾಹಿಗಳಲ್ಲಿನ ವ್ಯತ್ಯಾಸ ಇವೆಲ್ಲ ಕಾರಣಗಳಾಗಬಲ್ಲವು. ಅನೇಕರಲ್ಲಿ ಕಾರಣ ಪತ್ತೆಯಾಗುವುದೇ ಇಲ್ಲ. ಆದರೆ ಒಂದು ಮಾತು ನಿಶ್ಚಿತ: ಇದು ಅಂಟುರೋಗವಲ್ಲ, ಹುಚ್ಚೂ ಅಲ್ಲ, ಬುದ್ಧಿಮಾಂದ್ಯವೂ ಅಲ್ಲ.

ಬಚ್ಚಲುಮನೆಯಲ್ಲಿ ದೊರೆತ ಸುಳಿವು

1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಅದು ಪಕ್ಕದ ಮಾನಸಿಕ ಆಸ್ಪತ್ರೆಯೊಡನೆ ಸೇರಿ, ಇಂದು ದೇಶಕ್ಕೆಲ್ಲ ಚಿರಪರಿಚಿತವಾಗಿರುವ ನಿಮ್ಹಾನ್ಸ್ ಆಯಿತು. ಆ ಹಿಂದಿನ ಸಂಸ್ಥೆಯ ನರರೋಗ ವಿಭಾಗದಲ್ಲಿ ಸೇವೆ ಸಲ್ಲಿಸಿದವರು ಡಾ. ಮಣಿಯವರು. ಹಳೆಯ ಮೈಸೂರು ಸೀಮೆಯ ಹಳ್ಳಿ ಪಟ್ಟಣಗಳಿಂದ ಅಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಕೆಲವರದು ವಿಚಿತ್ರವಾದ ದೂರು. ಬೇರೆ ವೇಳೆಯಲ್ಲಿ ಏನೂ ಇಲ್ಲ. ತಲೆಗೆ ಬಿಸಿನೀರು ಹಾಕಿಕೊಂಡಾಗ ಮಾತ್ರ ಸೆಳವು ಬರುತ್ತದೆ!

ಇಂಥ ಮಾತನ್ನು ಕೇಳಿ ನಕ್ಕು ಸುಮ್ಮನಾಗುವುದು ಸುಲಭ. ಕಾಕತಾಳೀಯವೆಂದು ತಳ್ಳಿಹಾಕುವುದು ಇನ್ನೂ ಸುಲಭ. ಪಾಶ್ಚಾತ್ಯ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಹೇಳಿಕೊಳ್ಳುವಂಥ ಸ್ಥಾನವಿರಲಿಲ್ಲ. 1945ರಲ್ಲಿ ನ್ಯೂಜಿಲೆಂಡಿನಲ್ಲಿ ಅಲೆನ್ ಎಂಬ ವೈದ್ಯರು ಬಿಸಿನೀರಿನ ಸ್ನಾನದಿಂದ ಸೆಳವು ಬರುತ್ತಿದ್ದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದ್ದರು. ಅನಂತರ ಅಲ್ಲೊಂದು ಇಲ್ಲೊಂದು ವರದಿ ಬಂದಿದ್ದಿತಷ್ಟೆ. ಆದರೆ ಮಣಿಯವರು ರೋಗಿಗಳ ಮಾತನ್ನು ನಂಬಿದರು. ಸಹೋದ್ಯೋಗಿಗಳೊಡನೆ ಅಂಥ ರೋಗಿಗಳನ್ನು ಕಲೆಹಾಕಿ, 1968ರಲ್ಲಿ ‘ನ್ಯೂರಾಲಜಿ ಇಂಡಿಯಾ’ ಪತ್ರಿಕೆಯಲ್ಲಿ ಪ್ರಾಥಮಿಕ ವರದಿಯೊಂದನ್ನು ಪ್ರಕಟಿಸಿದರು. 1972ರಲ್ಲಿ 60 ರೋಗಿಗಳ ಅಧ್ಯಯನ ಹೊರಬಂದಿತು. 1975ರ ವೇಳೆಗೆ ಸಂಖ್ಯೆ 108ಕ್ಕೆ ಏರಿತು. ಜಗತ್ತಿನ ಬೇರೆಡೆ ಬೆರಳೆಣಿಕೆಯಷ್ಟಿದ್ದ ರೋಗ ದಕ್ಷಿಣ ಕರ್ನಾಟಕದಲ್ಲಿ ನೂರರ ಲೆಕ್ಕದಲ್ಲಿ ಕಂಡುಬಂದಿತು. ಅದಕ್ಕೆ ‘ಹಾಟ್ ವಾಟರ್ ಎಪಿಲೆಪ್ಸಿ’, ಎಂದರೆ ಬಿಸಿನೀರಿನ ಮೂರ್ಛೆ ಎಂಬ ಹೆಸರು ವೈದ್ಯಲೋಕದಲ್ಲಿ ರೂಢವಾಯಿತು.

ಬಿಸಿನೀರಿನ ಸ್ನಾನ ಎಲ್ಲ ದೇಶಗಳಲ್ಲಿಯೂ ಉಂಟು. ಹಾಗಾದರೆ ಕರ್ನಾಟಕದಲ್ಲಿಯೇ ಏಕೆ? ಇದಕ್ಕೆ ಉತ್ತರ ಸ್ನಾನದ ಕ್ರಮದಲ್ಲಿದೆ. ಕನ್ನಡ ನಾಡಿನಲ್ಲಿ ತಲೆಸ್ನಾನವೆಂಬುದು ನಿತ್ಯದ ಮಾತಲ್ಲ. ವಾರಕ್ಕೊಮ್ಮೆಯೋ ಹದಿನೈದು ದಿನಗಳಿಗೊಮ್ಮೆಯೋ ಎಣ್ಣೆ ಹಚ್ಚಿ, ಸೀಗೆಪುಡಿ ತಿಕ್ಕಿ, ಹಂಡೆಯಲ್ಲಿ ಕಾದ ನೀರನ್ನು ಚೊಂಬಿನಿಂದ ಮೊಗೆದು ಮೊಗೆದು ನೆತ್ತಿಯ ಮೇಲೆ ಸುರಿಯುವುದು ಪದ್ಧತಿ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬವೆಂದು ಹಂಡೆಗೇ ಪೂಜೆ ನಡೆಯುವ ನಾಡು ಅದು. ಈ ನೀರಿನ ಶಾಖ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಷವರಿನ ಕೆಳಗೆ ನಿಲ್ಲುವುದಕ್ಕೂ, ತೊಟ್ಟಿಯಲ್ಲಿ ಮಲಗುವುದಕ್ಕೂ, ಸುಡುನೀರು ಒಂದರ ಹಿಂದೊಂದು ಚೊಂಬಿನಂತೆ ತಲೆಯ ಮೇಲೆ ಸುರಿಯುವುದಕ್ಕೂ ಬಹಳ ಅಂತರವಿದೆ. ಶಾಖ, ನೀರು ಬೀಳುವ ವೇಗ, ಬೀಳುವ ಜಾಗ ಇವು ಮೂರೂ ಕೂಡಿ, ಹುಟ್ಟಿನಿಂದಲೇ ಅದಕ್ಕೆ ಈಡಾಗುವ ಗುಣವುಳ್ಳ ಮಿದುಳನ್ನು ಕೆರಳಿಸುತ್ತವೆ.

ಈ ಸೆಳವುಗಳ ಸ್ವರೂಪವೂ ಗಮನಾರ್ಹ. ಹೆಚ್ಚಿನವರು ಬೀಳುವುದಿಲ್ಲ. ಸ್ನಾನ ಮಾಡುತ್ತಿರುವಾಗಲೇ ಕಣ್ಣು ಒಂದೆಡೆ ನೆಟ್ಟು ಬೆಪ್ಪಾಗಿ ಕುಳಿತುಬಿಡುತ್ತಾರೆ, ಕರೆದರೆ ಓಗೊಡುವುದಿಲ್ಲ, ಅರ್ಥವಿಲ್ಲದ ಮಾತನಾಡುತ್ತಾರೆ, ಭಯಗೊಳ್ಳುತ್ತಾರೆ, ಏನೋ ಕಂಡಂತೆ, ಕೇಳಿದಂತೆ ವರ್ತಿಸುತ್ತಾರೆ. ಉಳಿದವರಿಗೆ ಮೈಯೆಲ್ಲ ಸೆಟೆಯುವ ಪೂರ್ಣ ಸೆಳವೇ ಬರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು. ಕೆಲವರಿಗೆ ಸೆಳವಿನ ಆರಂಭದಲ್ಲಿ ಒಂದು ಬಗೆಯ ಸುಖಾನುಭವವಾಗಿ, ತಡೆದರೂ ಕೇಳದೆ ತಾವೇ ನೀರನ್ನು ಸುರಿದುಕೊಳ್ಳುತ್ತಾ ಹೋಗುವುದೂ ಉಂಟು. ಇಂಥದನ್ನು ಕಂಡ ಹಿರಿಯರು ಬಚ್ಚಲಲ್ಲಿ ಪೀಡೆಯಿದೆಯೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಸೆಳವಿಲ್ಲದ ವೇಳೆಯಲ್ಲಿ ಮಿದುಳಿನ ವಿದ್ಯುತ್ ಲೇಖನವಾದ ಇ.ಇ.ಜಿ. ತೆಗೆದರೆ ಬಹುಮಂದಿಯಲ್ಲಿ ದೋಷವೇನೂ ಕಾಣುವುದಿಲ್ಲ. ಆದುದರಿಂದ ಯಂತ್ರಕ್ಕಿಂತ ಇಲ್ಲಿ ರೋಗಿಯ ಮಾತೇ ಮುಖ್ಯ ಆಧಾರ.

ಬೀಜ ಮರವಾದ ಬಗೆ

ಮಣಿಯವರು ಆರಂಭಿಸಿದ ಕಾರ್ಯ ಅವರೊಬ್ಬರಿಗೇ ನಿಲ್ಲಲಿಲ್ಲ. ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್ಚಂದ್ರ ಹಾಗೂ ಅವರ ಸಹೋದ್ಯೋಗಿಗಳು ಅದನ್ನು ಮುಂದುವರಿಸಿದರು. 1988ರಲ್ಲಿ ‘ಎಪಿಲೆಪ್ಸಿಯ’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಅವರು 279 ರೋಗಿಗಳ ವಿವರವನ್ನು ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಇಲಿಗಳ ಮೇಲೂ ಬಿಸಿನೀರಿನ ಪರಿಣಾಮವನ್ನು ಪರೀಕ್ಷಿಸಲಾಯಿತು. ಒಂದೇ ಮನೆತನದಲ್ಲಿ ಹಲವರಿಗೆ ಈ ರೋಗವಿರುವುದು ಕಂಡುಬಂದುದರಿಂದ ವಂಶವಾಹಿಗಳ ಶೋಧವೂ ನಡೆಯಿತು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ನಿಮ್ಹಾನ್ಸ್ ವೈದ್ಯರೊಡನೆ ಕೂಡಿ, ಇಂಥ ಕುಟುಂಬಗಳಲ್ಲಿ ರೋಗದ ನೆಲೆಯನ್ನು 10ನೆಯ ಹಾಗೂ 4ನೆಯ ಕ್ರೋಮೊಸೋಮುಗಳಲ್ಲಿ ಗುರುತಿಸಿ 2009ರಲ್ಲಿ ಪ್ರಕಟಿಸಿದರು. ಹಳ್ಳಿಯ ರೋಗಿಯೊಬ್ಬ ಹೇಳಿದ ಮಾತು ನಾಲ್ಕು ದಶಕಗಳಲ್ಲಿ ವಂಶವಾಹಿಯ ಭೂಪಟದವರೆಗೆ ನಡೆದುಬಂದಿತು.

ಚಿಕಿತ್ಸೆಯ ಮಾರ್ಗವೂ ಸುಗಮವಾಯಿತು. ನೀರನ್ನು ಉಗುರುಬೆಚ್ಚಗೆ ಇಟ್ಟುಕೊಂಡು, ತಲೆಯ ಮೇಲೆ ರಭಸದಿಂದ ಸುರಿಯದೆ ಸ್ನಾನ ಮಾಡಿದರೆ ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಅದು ಸಾಲದವರಿಗೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಸುಮಾರು ಒಂದೂವರೆಯಿಂದ ಎರಡು ಗಂಟೆ ಮುಂಚೆ, ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಸೂಚಿಸುವುದುಂಟು. ಆದರೆ ಈ ರೋಗಿಗಳಲ್ಲಿ ಒಂದು ಭಾಗದವರಿಗೆ ಕಾಲಾನಂತರ ಸ್ನಾನಕ್ಕೆ ಸಂಬಂಧವಿಲ್ಲದೆಯೂ ಸೆಳವು ಬರತೊಡಗುತ್ತದೆ. ಅಂಥವರಿಗೆ ನಿತ್ಯದ ಔಷಧಿ ಅನಿವಾರ್ಯ. ಆದಕಾರಣ, ಬಿಸಿನೀರು ಬಿಟ್ಟೆವು, ಇನ್ನು ವೈದ್ಯರೇಕೆ ಎಂದು ಕೈಕಟ್ಟಿ ಕೂಡಬಾರದು.

ಯಳಂದೂರಿನ ಮನೆಮನೆಯಲ್ಲಿ

ಆಸ್ಪತ್ರೆಯ ಬಾಗಿಲಿಗೆ ಬಂದ ರೋಗಿಗಳ ವಿಷಯ ಇಷ್ಟಾಯಿತು. ಬಾರದೆಯೇ ಉಳಿದವರ ಗತಿಯೇನು? ಮಣಿಯವರ ವೃತ್ತಿಜೀವನದ ಎರಡನೆಯ ಮಹತ್ಕಾರ್ಯ ಈ ಪ್ರಶ್ನೆಯಿಂದ ಹುಟ್ಟಿದುದು.

ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರು ಒಂದು ಪುಟ್ಟ ತಾಲ್ಲೂಕು. ಆಗ ಅದು ಮೈಸೂರು ಜಿಲ್ಲೆಗೆ ಸೇರಿದ್ದಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಅದರ ಭಾಗವಾಯಿತು. 1990ರ ದಶಕದ ಆರಂಭದಲ್ಲಿ ಮಣಿಯವರ ನೇತೃತ್ವದಲ್ಲಿ ಅಲ್ಲಿ ಮನೆಮನೆಯ ಸಮೀಕ್ಷೆ ನಡೆಯಿತು. ಸುಮಾರು 65,000 ಜನಸಂಖ್ಯೆಯನ್ನು ಅದು ಒಳಗೊಂಡಿತ್ತು. ಮೂರ್ಛೆ ಇದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲವೆಂಬ ಉತ್ತರ ಸಹಜವಾಗಿ ಬರುವ ನಾಡಿನಲ್ಲಿ, ಮನೆಯವರ ವಿಶ್ವಾಸ ಗಳಿಸಿ ವಿಷಯ ತಿಳಿಯುವುದೇ ಒಂದು ಸಾಹಸ. ಸಾವಿರ ಜನರಲ್ಲಿ ಸುಮಾರು ನಾಲ್ವರಿಗೆ ರೋಗ ಸಕ್ರಿಯವಾಗಿದೆಯೆಂದು ಸಮೀಕ್ಷೆ ಹೊರಗೆಡಹಿತು. ಬಿಸಿನೀರಿನ ಮೂರ್ಛೆಯೇ ಲಕ್ಷಕ್ಕೆ 60 ಮಂದಿಯಲ್ಲಿ ಕಂಡುಬಂದಿತು. ರೋಗಿಗಳಲ್ಲಿ ಬಹುಪಾಲು ಜನ ಯಾವ ಸರಿಯಾದ ಚಿಕಿತ್ಸೆಯನ್ನೂ ಪಡೆಯುತ್ತಿರಲಿಲ್ಲವೆಂಬುದು ಎಲ್ಲಕ್ಕಿಂತ ಕಳವಳಕಾರಿಯಾದ ಸಂಗತಿಯಾಗಿತ್ತು. ವೈದ್ಯಕೀಯದಲ್ಲಿ ಇದನ್ನು ಚಿಕಿತ್ಸೆಯ ಅಂತರವೆನ್ನುತ್ತಾರೆ.

ಎಣಿಸಿ ಬರೆದುಕೊಂಡು ಬರುವುದಕ್ಕೆ ಮಾತ್ರ ತಂಡ ಅಲ್ಲಿಗೆ ಹೋಗಿರಲಿಲ್ಲ. ಮೈಯೆಲ್ಲ ಸೆಟೆಯುವ ಸೆಳವು ಬರುತ್ತಿದ್ದ ರೋಗಿಗಳಿಗೆ ಊರಿನ ಬಳಿಯಲ್ಲಿಯೇ ಚಿಕಿತ್ಸೆಯನ್ನು ಆರಂಭಿಸಿ, ವರ್ಷಗಟ್ಟಲೆ ಅವರ ಬೆನ್ನಿಗೆ ನಿಂತು ಫಲಿತಾಂಶವನ್ನು ನೋಡಲಾಯಿತು. ಆರಿಸಿಕೊಂಡ ಔಷಧಿಗಳು ಎರಡೇ, ಅವೂ ಹಳೆಯವು. ಒಂದು, 1912ರಲ್ಲಿ ಜರ್ಮನಿಯ ಹಾಪ್ಟ್‌ಮನ್ ಬಳಕೆಗೆ ತಂದ ಫಿನೊಬಾರ್ಬಿಟಾಲ್. ಮತ್ತೊಂದು, 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಂ ಎಂಬ ವೈದ್ಯರಿಂದ ಬಳಕೆಗೆ ಬಂದ ಫೆನಿಟಾಯಿನ್. ದುಬಾರಿ ಯಂತ್ರಗಳಿಲ್ಲ, ದುಬಾರಿ ಪರೀಕ್ಷೆಗಳಿಲ್ಲ. ಸೆಳವಿನ ವಿವರವನ್ನು ರೋಗಿಯಿಂದಲೂ ಕಂಡವರಿಂದಲೂ ಎಚ್ಚರಿಕೆಯಿಂದ ಕೇಳಿ ತಿಳಿಯುವುದು, ಅಗ್ಗದ ಮಾತ್ರೆಯನ್ನು ತಪ್ಪದೆ ನುಂಗಿಸುವುದು, ಇಷ್ಟೇ ಬಂಡವಾಳ.

ಈ ಅಧ್ಯಯನದ ಫಲಿತಾಂಶವನ್ನು ಮಣಿಯವರು, ಡಾ. ಜಿ. ರಂಗನ್, ಡಾ. ಎಚ್. ವಿ. ಶ್ರೀನಿವಾಸ್ ಮೊದಲಾದವರೊಡನೆ 2001ರಲ್ಲಿ ಲಂಡನ್ನಿನ ಸುಪ್ರಸಿದ್ಧ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡು ಔಷಧಿಗಳಲ್ಲಿ ಯಾವುದನ್ನು ಕೊಟ್ಟರೂ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗ ಹತೋಟಿಗೆ ಬಂದಿತ್ತು. ಮತ್ತೊಂದು ಸತ್ಯವೂ ಅದರಿಂದ ಹೊರಬಿದ್ದಿತು. ಚಿಕಿತ್ಸೆ ಆರಂಭವಾಗುವ ಮುನ್ನ ಯಾರಿಗೆ ಸೆಳವುಗಳ ಸಂಖ್ಯೆ ಕಡಿಮೆಯಿದ್ದಿತೋ ಅವರಿಗೆ ಗುಣ ಹೆಚ್ಚು. ಹತ್ತಾರು ಸೆಳವುಗಳನ್ನು ಕಂಡು ತಡವಾಗಿ ಬಂದವರಿಗೆ ಗುಣ ಕಡಿಮೆ. ಹಾಗೆಂದು ತಡವಾಗಿ ಬಂದವರು ನಿರಾಶರಾಗಬೇಕಿಲ್ಲ. ಆದರೆ ಮುಚ್ಚಿಟ್ಟು ಕಳೆಯುವ ಒಂದೊಂದು ವರ್ಷಕ್ಕೂ ಬೆಲೆ ತೆರಬೇಕಾಗಬಹುದೆಂಬ ಎಚ್ಚರಿಕೆ ಇದರಲ್ಲಿದೆ. ಯಳಂದೂರಿನ ಹೆಸರು ಇಂದು ಜಗತ್ತಿನ ನರರೋಗತಜ್ಞರಿಗೆ ಪರಿಚಿತವಾಗಿರುವುದು ಈ ಕಾರ್ಯದಿಂದ.

ಆ ಎರಡು ಔಷಧಿಗಳೇ ಎಲ್ಲರಿಗೂ ಸಂಜೀವಿನಿಯೆಂದು ಇದರ ಅರ್ಥವಲ್ಲ. ಫಿನೊಬಾರ್ಬಿಟಾಲಿನಿಂದ ಮಂಪರು ಬರುವುದುಂಟು, ಮಕ್ಕಳು ಚಂಚಲರಾಗುವುದುಂಟು. ಫೆನಿಟಾಯಿನಿನಿಂದ ವಸಡು ಊದಿಕೊಳ್ಳುವುದುಂಟು. ಇಂದು ಕಾರ್ಬಮಜೆಪಿನ್, ವಾಲ್ಪ್ರೊಏಟ್, ಲೆವಿಟಿರಾಸಿಟಮ್ ಮೊದಲಾದ ಅನೇಕ ಔಷಧಿಗಳು ದೊರೆಯುತ್ತವೆ. ಇವುಗಳಲ್ಲಿ ವಾಲ್ಪ್ರೊಏಟ್ ಗರ್ಭಸ್ಥ ಶಿಶುವಿಗೆ ಹಾನಿಕರವಾಗಬಲ್ಲದಾದ್ದರಿಂದ, ಮಕ್ಕಳಾಗುವ ವಯಸ್ಸಿನ ಸ್ತ್ರೀಯರು ವೈದ್ಯರೊಡನೆ ಮುಂಚಿತವಾಗಿಯೇ ಸಮಾಲೋಚಿಸಬೇಕು. ಆದರೆ ತಾವಾಗಿಯೇ ನಿಲ್ಲಿಸಬಾರದು. ಔಷಧಿಗಳಿಗೆ ಜಗ್ಗದ ಕೆಲವು ಬಗೆಯ ರೋಗಕ್ಕೆ ಶಸ್ತ್ರಚಿಕಿತ್ಸೆಯೂ ಇದೆ.

ಕಾನೂನಿನ ಪುಟದಲ್ಲಿದ್ದ ಕಳಂಕ

ರೋಗಕ್ಕಿಂತ ರೋಗದ ಹೆಸರೇ ಹೆಚ್ಚು ನೋಯಿಸುವ ಕಾಯಿಲೆಗೆ ಔಷಧಿಯೊಂದೇ ಸಾಲದು. ಈ ಅರಿವಿನಿಂದ ಹುಟ್ಟಿದ ಭಾರತೀಯ ಅಪಸ್ಮಾರ ಸಂಘ, ಎಂದರೆ ಇಂಡಿಯನ್ ಎಪಿಲೆಪ್ಸಿ ಅಸೋಸಿಯೇಷನ್ನಿನ ಮುಂದಾಳುಗಳಲ್ಲಿ ಮಣಿಯವರೂ ಒಬ್ಬರು. ವೈದ್ಯರು, ರೋಗಿಗಳು, ರೋಗಿಗಳ ಬಂಧುಗಳು ಒಂದೇ ವೇದಿಕೆಯಲ್ಲಿ ಕೂಡುವುದು ಈ ಸಂಘದ ವೈಶಿಷ್ಟ್ಯ.

1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ತಿದ್ದುಪಡಿಯಾದಾಗ, ಮೇಲಿಂದ ಮೇಲೆ ಉನ್ಮಾದಕ್ಕೊಳಗಾಗುವವರ ಸಾಲಿನಲ್ಲಿಯೇ ಅಪಸ್ಮಾರವುಳ್ಳವರನ್ನೂ ಸೇರಿಸಿ, ಅವರ ವಿವಾಹಕ್ಕೆ ಅಡ್ಡಿಯೊಡ್ಡಲಾಗಿತ್ತು. 1954ರ ವಿಶೇಷ ವಿವಾಹ ಕಾಯಿದೆಯಲ್ಲಿಯೂ ಇದೇ ಮಾತು ಸೇರಿತು. ಮಾತ್ರೆ ನುಂಗಿ ಸೆಳವಿಲ್ಲದೆ ಸಂಸಾರ ನಡೆಸಬಲ್ಲ ಸಾವಿರಾರು ಯುವಕ ಯುವತಿಯರ ತಲೆಯ ಮೇಲೆ ಇದು ತೂಗುಕತ್ತಿಯಾಯಿತು. ವೈದ್ಯರೂ ಅಪಸ್ಮಾರ ಸಂಘದವರೂ ವರ್ಷಗಟ್ಟಲೆ ದನಿಯೆತ್ತಿದ ಫಲವಾಗಿ ಸಂಸತ್ತು 1999ರ ಡಿಸೆಂಬರಿನಲ್ಲಿ ವಿವಾಹ ಕಾಯಿದೆಗಳ ತಿದ್ದುಪಡಿಯನ್ನು ಅಂಗೀಕರಿಸಿ, ಎರಡೂ ಕಾಯಿದೆಗಳಿಂದ ಅಪಸ್ಮಾರವೆಂಬ ಪದವನ್ನು ತೆಗೆದುಹಾಕಿತು. ಅಂದಿನಿಂದ ಮೂರ್ಛೆರೋಗ ವಿವಾಹಕ್ಕೆ ಕಾನೂನಿನ ಅಡ್ಡಿಯಲ್ಲ.

ಕಾಯಿದೆಯ ಪುಟದಿಂದ ಪದವನ್ನು ಅಳಿಸುವುದು ಸಾಧ್ಯವಾಯಿತು. ಮನಸ್ಸಿನಿಂದ ಅಳಿಸುವ ಕೆಲಸ ಇನ್ನೂ ಮುಗಿದಿಲ್ಲ. ಮದುವೆಗೆ ಮುನ್ನ ಎರಡು ಮನೆಯವರೂ ವಿಷಯವನ್ನು ಬಿಚ್ಚುಮನಸ್ಸಿನಿಂದ ಮಾತನಾಡಿ, ಬೇಕಿದ್ದರೆ ವೈದ್ಯರೆದುರಿಗೆ ಕುಳಿತು ಸಂದೇಹ ಪರಿಹರಿಸಿಕೊಳ್ಳುವುದು ಶ್ರೇಯಸ್ಕರ. ಗುಟ್ಟಾಗಿಡಬೇಕೆಂದು ಮದುಮಗಳು ಅತ್ತೆಯ ಮನೆಯಲ್ಲಿ ಮಾತ್ರೆ ನಿಲ್ಲಿಸುವುದು, ವಿವಾಹದ ಓಡಾಟದಲ್ಲಿ ನಿದ್ದೆಗೆಟ್ಟ ಮೈಗೆ ಸೆಳವು ಬರುವುದು, ಅದರಿಂದ ಸಂಬಂಧವೇ ಮುರಿಯುವುದು, ಈ ದುರಂತದ ಮೂಲ ರೋಗವಲ್ಲ, ಮುಚ್ಚುಮರೆ.

ಮಹಾನಗರದ ಕನ್ನಡಿಗರಿಗೆ ಕೆಲವು ಮಾತು

ಊರು ಬಿಟ್ಟವರು ಹಂಡೆಯನ್ನು ಬಿಟ್ಟು ಬಂದಿರಬಹುದು. ಸ್ನಾನದ ಅಭ್ಯಾಸವನ್ನು ಬಿಟ್ಟಿರುವುದಿಲ್ಲ. ಹಂಡೆಯ ಜಾಗದಲ್ಲಿ ಗೀಸರು, ಚೊಂಬಿನ ಜಾಗದಲ್ಲಿ ಪ್ಲಾಸ್ಟಿಕ್ ಮಗ್ಗು ಬಂದಿವೆ. ದೆಹಲಿಯ ಚಳಿಗಾಲದಲ್ಲಂತೂ ನೀರು ಇನ್ನಷ್ಟು ಬಿಸಿಯಾಗುತ್ತದೆ. ಸ್ನಾನ ಮಾಡುವಾಗ ಮಗು ಬೆಪ್ಪಾಗುತ್ತದೆಯೆಂಬುದನ್ನು ತಾಯಿ ತಾನಾಗಿ ಹೇಳದಿದ್ದರೆ, ಈ ಪದ್ಧತಿಯ ಪರಿಚಯವಿಲ್ಲದ ಊರಿನ ವೈದ್ಯರಿಗೆ ಅದನ್ನು ಕೇಳಲು ತೋಚದಿರಬಹುದು. ಆದುದರಿಂದ ಸೆಳವು ಯಾವಾಗ ಬಂತು, ತಲೆಗೆ ನೀರು ಹಾಕುವಾಗಲೇ ಬಂತೇ, ನೀರು ಎಷ್ಟು ಬಿಸಿಯಿತ್ತು, ಬಂಧುಗಳಲ್ಲಿ ಯಾರಿಗಾದರೂ ಹೀಗಾಗುತ್ತಿತ್ತೇ ಎಂಬುದನ್ನು ಕೇಳದಿದ್ದರೂ ತಿಳಿಸಬೇಕು. ಇಂಥ ಮಕ್ಕಳನ್ನು ಬಚ್ಚಲುಮನೆಯಲ್ಲಿ ಅಗುಳಿ ಹಾಕಿಕೊಳ್ಳಲು ಬಿಡಬಾರದು.

ಮಾತ್ರೆ ನುಂಗುವವರು ಒಂದು ಹೊತ್ತನ್ನೂ ತಪ್ಪಿಸಬಾರದು. ರಜೆಯಲ್ಲಿ ಊರಿಗೆ ರೈಲು ಹತ್ತುವಾಗ ಮಾತ್ರೆಯ ಡಬ್ಬಿ ಪೆಟ್ಟಿಗೆಯಲ್ಲಿರದೆ ಕೈಚೀಲದಲ್ಲಿರಬೇಕು, ಒಂದು ವಾರಕ್ಕೆ ಹೆಚ್ಚಾಗಿಯೇ ಇರಬೇಕು. ಏಕಾದಶಿಯ ಉಪವಾಸವೆಂದು ಮಾತ್ರೆಯನ್ನು ಬಿಡುವುದು, ಶಿವರಾತ್ರಿಯೆಂದು ಇಡೀ ರಾತ್ರಿ ಜಾಗರಣೆ ಮಾಡುವುದು ಈ ರೋಗಿಗಳಿಗೆ ಹೇಳಿಸಿದುದಲ್ಲ. ನಿದ್ರಾಭಂಗ ಸೆಳವನ್ನು ಕರೆದು ತರುತ್ತದೆ. ಮದ್ಯಪಾನವೂ ಹಾಗೆಯೇ. ವರ್ಷವಾದರೂ ಸೆಳವಿಲ್ಲವೆಂದು ತಾವಾಗಿಯೇ ಔಷಧಿ ನಿಲ್ಲಿಸಿದರೆ ರೋಗ ಮತ್ತಷ್ಟು ಉಗ್ರವಾಗಿ ಮರಳಬಹುದು. ಎಂದು ನಿಲ್ಲಿಸಬೇಕು, ಹೇಗೆ ಹಂತಹಂತವಾಗಿ ಇಳಿಸಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಎದುರಿನಲ್ಲಿ ಯಾರಾದರೂ ಸೆಳವಿನಿಂದ ಬಿದ್ದರೆ ಗಾಬರಿಗೊಳ್ಳಬಾರದು. ಸುತ್ತಲಿರುವ ಗಟ್ಟಿ, ಚೂಪು ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯ ಬಟ್ಟೆಯಿಡಬೇಕು. ಕುತ್ತಿಗೆಯ ಗುಂಡಿ ಸಡಿಲಿಸಿ, ಜೊಲ್ಲು ಹೊರಗೆ ಹರಿಯುವಂತೆ ಮಗ್ಗುಲಿಗೆ ಹೊರಳಿಸಬೇಕು. ಕೈಕಾಲುಗಳನ್ನು ಅದುಮಿ ಹಿಡಿಯಕೂಡದು. ಹಲ್ಲುಗಳ ನಡುವೆ ಚಮಚವನ್ನಾಗಲಿ ಬೆರಳನ್ನಾಗಲಿ ತುರುಕಕೂಡದು. ಪೂರ್ಣ ಎಚ್ಚರವಾಗುವವರೆಗೆ ನೀರು ಕುಡಿಸಕೂಡದು. ಗಡಿಯಾರ ನೋಡಿಕೊಳ್ಳಬೇಕು. 5 ನಿಮಿಷ ಕಳೆದರೂ ಸೆಳವು ನಿಲ್ಲದಿದ್ದರೆ, ಎಚ್ಚರವಾಗುವ ಮುನ್ನ ಮತ್ತೊಂದು ಸೆಳವು ಬಂದರೆ, ಗರ್ಭಿಣಿಯಾಗಿದ್ದರೆ, ಪೆಟ್ಟಾಗಿದ್ದರೆ, ಅಥವಾ ಇದೇ ಮೊದಲ ಸೆಳವಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಾದ ಮೇಲೆ ಒಂದು ಸಮಾಧಾನದ ಮಾತು ಹೇಳಬೇಕು. ಸುತ್ತ ನೆರೆದ ಗುಂಪನ್ನು ಕದಲಿಸಬೇಕು. ಕಣ್ಣು ತೆರೆದಾಗ ಹತ್ತಾರು ಮುಖಗಳು ತನ್ನನ್ನೇ ದಿಟ್ಟಿಸುತ್ತಿರುವುದನ್ನು ಕಾಣುವುದು ಬಿದ್ದವನಿಗೆ ಬಿದ್ದ ನೋವಿಗಿಂತ ಹೆಚ್ಚಿನ ನೋವು.

ಡಾ. ಮಣಿಯವರ ಸಾಧನೆಯನ್ನು ತೂಗಿ ನೋಡಿದರೆ ಅದರಲ್ಲಿ ಪವಾಡವೇನೂ ಕಾಣುವುದಿಲ್ಲ. ಹೊಸ ಔಷಧಿಯನ್ನು ಅವರು ಕಂಡುಹಿಡಿಯಲಿಲ್ಲ. ಹೊಸ ಯಂತ್ರವನ್ನು ನಿರ್ಮಿಸಲಿಲ್ಲ. ರೋಗಿ ಹೇಳಿದುದನ್ನು ಕೇಳಿದರು. ಆಸ್ಪತ್ರೆಗೆ ಬಾರದವರ ಮನೆಗೆ ತಾವೇ ತಲುಪಿ ಕೇಳಿದರು. ರೋಗಿಗೆ ಬಾಳುವ ಹಕ್ಕಿಲ್ಲವೇ ಎಂದು ಸಮಾಜವನ್ನು ಕೇಳಿದವರ ಸಾಲಿನಲ್ಲಿ ನಿಂತರು. ಕೇಳುವವರಿದ್ದರೆ ಹೇಳುವವರು ಹುಟ್ಟಿಕೊಳ್ಳುತ್ತಾರೆ. ವೈದ್ಯರು ತಮ್ಮ ಪಾಲಿನದನ್ನು ಮಾಡಿದ್ದಾರೆ. ಭಾರತದಲ್ಲಿ ಪ್ರತಿವರ್ಷ ನವೆಂಬರ್ 17ನ್ನು ರಾಷ್ಟ್ರೀಯ ಅಪಸ್ಮಾರ ದಿನವೆಂದು ಆಚರಿಸುತ್ತಾರೆ. ಆ ದಿನ ಬರುವವರೆಗೆ ಕಾಯದೆ, ಮನೆಯಲ್ಲಿ ಇಂಥ ಮಗುವೊಂದಿದ್ದರೆ ಅದರ ತಂದೆತಾಯಿಗಳು ಅದರ ಶಾಲೆಯ ಉಪಾಧ್ಯಾಯರಿಗೆ, ಪಕ್ಕದ ಮನೆಯವರಿಗೆ ವಿಷಯವನ್ನು ತಿಳಿಸಿ, ಸೆಳವು ಬಂದರೆ ಏನು ಮಾಡಬೇಕೆಂಬುದನ್ನೂ ಹೇಳಿಕೊಡುವುದು ಒಳಿತು. ಬಂಧುಬಳಗ ದೂರವಿರುವ ಪರಸ್ಥಳದಲ್ಲಿ ಆಪತ್ತಿಗೆ ಮೊದಲು ಒದಗುವವರು ಅವರೇ.